ಫ್ಲೂ ವೈರಸ್‌ನ ರೂಪಾಂತರ: ಹರಡುವುದು ಬೇರೆ, ಕಾಡುವುದು ಬೇರೆ

(ಮಹಿಳಾ ವೇದಿಕೆಯ ಆರೋಗ್ಯ ಮಾಲಿಕೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಪುಣೆಯಲ್ಲಿ ಮಳೆ ಹಿಡಿಯಿತು ಅಂದರೆ ನಮ್ಮ ಮನೆಗಳಲ್ಲಿ ಎರಡು ಚಿಂತೆ ಶುರುವಾಗುತ್ತವೆ. ಒಗೆದ ಬಟ್ಟೆ ಎಲ್ಲಿ ಒಣಗಿಸುವುದು ಎನ್ನುವುದು ಒಂದು. ಮನೆಯಲ್ಲಿ ಒಬ್ಬರಿಗೆ ಬಂದ ಜ್ವರ ಎಲ್ಲರಿಗೂ ಬಂದುಬಿಟ್ಟರೆ ಏನು ಗತಿ ಎನ್ನುವುದು ಇನ್ನೊಂದು. ಬಟ್ಟೆಯ ವಿಷಯದಲ್ಲಿ ನಾನು ಸಹಾಯ ಮಾಡಲಾರೆ. ಜ್ವರದ ಬಗ್ಗೆ ಸ್ವಲ್ಪ ಹೇಳಬಲ್ಲೆ, ಏಕೆಂದರೆ ಸೂಕ್ಷ್ಮಜೀವಿಶಾಸ್ತ್ರ ನಾನು ಬಹಳ ವರ್ಷ ಪಾಠ ಮಾಡಿದ ವಿಷಯ.

ವೇದಿಕೆಯವರು ಒಂದು ಪ್ರಶ್ನೆಯನ್ನೂ ಕಳಿಸಿದ್ದರು. "ಪ್ರತಿ ವರ್ಷ ಟಿವಿಯಲ್ಲಿ ವೈರಸ್ ರೂಪಾಂತರ ಹೊಂದಿದೆ ಎನ್ನುತ್ತಾರೆ. ರೂಪಾಂತರ ಅಂದರೆ ಕಾಯಿಲೆ ಜೋರಾಯಿತು ಅಂತಲೇ?" ಒಳ್ಳೆಯ ಪ್ರಶ್ನೆ. ಇದಕ್ಕೆ ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಅದರಲ್ಲಿ ಮೂರು ಪ್ರಶ್ನೆ ಸೇರಿಕೊಂಡಿವೆ. ವೈರಸ್ ಎಷ್ಟು ಬೇಗ ಹರಡುತ್ತದೆ? ಹಿಡಿದವರನ್ನು ಎಷ್ಟು ಜೋರಾಗಿ ಕಾಡುತ್ತದೆ? ಯಾರನ್ನು ಹೆಚ್ಚು ಕಾಡುತ್ತದೆ? ಇವು ಮೂರೂ ಬೇರೆ ಬೇರೆ. ಇವತ್ತಿನ ನನ್ನ ಮಾತೆಲ್ಲ ಇಷ್ಟೇ.

ಮೊದಲು ರೂಪಾಂತರ ಅಂದರೇನು ನೋಡೋಣ. ಅತ್ತೆಯವರ ಸಾರಿನಪುಡಿಯ ಅಳತೆಯನ್ನು ನೀವು ಡೈರಿಯಲ್ಲಿ ಬರೆದುಕೊಳ್ಳುತ್ತೀರಿ. ನಿಮ್ಮಿಂದ ನಾದಿನಿ, ನಾದಿನಿಯಿಂದ ಅವಳ ಸೊಸೆ ನಕಲು ಮಾಡುತ್ತಾರೆ. ನಾಲ್ಕನೇ ಕೈಗೆ ಹೋಗುವಷ್ಟರಲ್ಲಿ "ಅರ್ಧ ಬಟ್ಟಲು ಮೆಣಸು" ಎನ್ನುವುದು "ಒಂದು ಬಟ್ಟಲು" ಆಗಿರುತ್ತದೆ. ಇಂಥ ತಪ್ಪುಗಳಲ್ಲಿ ಹೆಚ್ಚಿನವು ಪುಡಿಯನ್ನು ಕೆಡಿಸುತ್ತವೆ, ಅದನ್ನು ಯಾರೂ ಮತ್ತೆ ಮಾಡುವುದಿಲ್ಲ. ಅಪರೂಪಕ್ಕೊಮ್ಮೆ ತಪ್ಪಿನಿಂದಲೇ ಪುಡಿಗೆ ಹೊಸ ಘಮ ಬರುತ್ತದೆ. ಆಮೇಲೆ ಎಲ್ಲರ ಮನೆಯಲ್ಲೂ ಅದೇ ಪುಡಿ.

ಫ್ಲೂ ವೈರಸ್ ಕೂಡ ಹೀಗೆಯೇ. ಅದರ ಬರಹ ಸುಮಾರು 13,500 ಅಕ್ಷರಗಳದ್ದು. ನಮ್ಮ ಜೀವಕೋಶದೊಳಗೆ ನುಗ್ಗಿ ತನ್ನ ಸಾವಿರಾರು ನಕಲು ಮಾಡಿಕೊಳ್ಳುತ್ತದೆ. ನಮ್ಮ ದೇಹ ಡಿಎನ್ಎ ನಕಲು ಮಾಡುವಾಗ ತಪ್ಪು ತಿದ್ದುವ ವ್ಯವಸ್ಥೆ ಇದೆ. ಫ್ಲೂ ವೈರಸ್‌ಗೆ ಆ ತಿದ್ದುವ ಮೇಷ್ಟ್ರು ಇಲ್ಲ. ಹಾಗಾಗಿ ಅದರ ನಕಲುಗಳಲ್ಲಿ ಒಂದಲ್ಲ ಒಂದು ತಪ್ಪು ನುಸುಳುತ್ತಲೇ ಇರುತ್ತದೆ. ಈ ತಪ್ಪೇ ರೂಪಾಂತರ. ವೈರಸ್‌ಗೆ ಬುದ್ಧಿಯೂ ಇಲ್ಲ, ನಮ್ಮ ಮೇಲೆ ಹಗೆಯೂ ಇಲ್ಲ. ತಪ್ಪು ತಾನಾಗಿ ಆಗುತ್ತದೆ, ಉಳಿಯಬಲ್ಲದ್ದು ಉಳಿಯುತ್ತದೆ.

ಇನ್ನೊಂದು ವಿಶೇಷವಿದೆ. ಈ ವೈರಸ್‌ನ ಬರಹ ಒಂದೇ ಪುಸ್ತಕದಲ್ಲಿಲ್ಲ, 8 ಬಿಡಿ ಚೀಟಿಗಳಲ್ಲಿದೆ. ಒಂದು ಹಂದಿಗೆ ಹಕ್ಕಿಯ ಫ್ಲೂ ಮತ್ತು ಮನುಷ್ಯರ ಫ್ಲೂ ಒಟ್ಟಿಗೆ ತಗುಲಿತು ಎನ್ನಿ. ಒಂದೇ ಜೀವಕೋಶದಲ್ಲಿ ಎರಡೂ ಚೀಟಿ ಹರಡಿಕೊಂಡು ಕುಳಿತರೆ ಅವು ಬೆರೆತುಹೋಗುತ್ತವೆ. ಹೊರಬರುವ ವೈರಸ್‌ನಲ್ಲಿ ಎರಡು ಅಥವಾ ಮೂರು ಚೀಟಿ ಅಲ್ಲಿಯವು, ಉಳಿದವು ಇಲ್ಲಿಯವು. 1957ರ ಏಷ್ಯನ್ ಫ್ಲೂ ಹಕ್ಕಿಗಳಿಂದ ಬಂದ 3 ಚೀಟಿಗಳೊಂದಿಗೆ ಹುಟ್ಟಿತು. 1968ರ ಹಾಂಗ್‌ಕಾಂಗ್ ಫ್ಲೂ 2 ಚೀಟಿಗಳೊಂದಿಗೆ. 2009ರ ಹಂದಿಜ್ವರದ ವೈರಸ್‌ನಲ್ಲಿ ಹಂದಿ, ಹಕ್ಕಿ, ಮನುಷ್ಯ ಮೂವರ ವೈರಸ್‌ಗಳಿಂದಲೂ ಬಂದ ಚೀಟಿಗಳಿದ್ದವು. ಅಕ್ಷರ ತಪ್ಪುವುದು ಸಣ್ಣ ಬದಲಾವಣೆ, ವರ್ಷವರ್ಷವೂ ನಡೆಯುತ್ತದೆ. ಚೀಟಿ ಬೆರೆಯುವುದು ದೊಡ್ಡ ಬದಲಾವಣೆ. ಅದು ಅಪರೂಪ, ಆದರೆ ಮಹಾಸಾಂಕ್ರಾಮಿಕ ತರಬಲ್ಲದು.

ಪತ್ರಿಕೆಗಳಲ್ಲಿ ಎಚ್1ಎನ್1, ಎಚ್3ಎನ್2 ಎಂದು ಓದುತ್ತೀರಲ್ಲ, ಅದು ವೈರಸ್‌ನ ಮೈಮೇಲಿನ ಎರಡು ಪ್ರೋಟೀನುಗಳ ಹೆಸರು. ಎಚ್ ಎನ್ನುವುದು ಕೊಕ್ಕೆ, ಅದರಿಂದ ವೈರಸ್ ನಮ್ಮ ಜೀವಕೋಶವನ್ನು ಹಿಡಿಯುತ್ತದೆ. ಎನ್ ಎನ್ನುವುದು ಕತ್ತರಿ, ಹೊಸದಾಗಿ ಹುಟ್ಟಿದ ವೈರಸ್‌ಗಳು ಅಂಟಿನಿಂದ ಬಿಡಿಸಿಕೊಂಡು ಹೊರಹೋಗಲು ಅದು ಬೇಕು. ನಮ್ಮ ದೇಹ ಮುಖ್ಯವಾಗಿ ಈ ಕೊಕ್ಕೆಯ ಆಕಾರವನ್ನು ನೆನಪಿಟ್ಟುಕೊಂಡು ಪ್ರತಿಕಾಯ ತಯಾರಿಸುತ್ತದೆ. ಕೊಕ್ಕೆಯ ತುದಿ ಸ್ವಲ್ಪ ಬದಲಾದರೆ ಹಳೆಯ ಪ್ರತಿಕಾಯಕ್ಕೆ ಅದರ ಗುರುತು ಸರಿಯಾಗಿ ಸಿಗುವುದಿಲ್ಲ. ಹೋದ ವರ್ಷ ಫ್ಲೂ ಬಂದವರಿಗೆ ಈ ವರ್ಷವೂ ಬರುವುದು ಇದರಿಂದಲೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹರಡುವುದು ಮತ್ತು ಕಾಡುವುದು ಬೇರೆ ಬೇರೆ ಎಂದೆ. ಅದು ಹೇಗೆ ಗೊತ್ತಾಯಿತು?

1918ರ ಮಹಾಜ್ವರದ ವೈರಸ್ ಆ ಕಾಲದಲ್ಲಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಲಾಸ್ಕಾದ ಬ್ರೆವಿಗ್ ಮಿಷನ್ ಎಂಬ ಹಳ್ಳಿಯಲ್ಲಿ ಆಗ ಸತ್ತವರನ್ನು ಹೆಪ್ಪುಗಟ್ಟಿದ ನೆಲದಲ್ಲಿ ಹೂಳಿದ್ದರು. ಯೋಹಾನ್ ಹಲ್ಟಿನ್ ಎಂಬ ವಿಜ್ಞಾನಿ 1951ರಲ್ಲಿ ಅಲ್ಲಿಗೆ ಹೋಗಿ ಪ್ರಯತ್ನಿಸಿದರು, ವೈರಸ್ ಸಿಗಲಿಲ್ಲ. 1997ರಲ್ಲಿ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಮತ್ತೆ ಹೋದರು. ಅಲ್ಲಿ ಒಬ್ಬ ಮಹಿಳೆಯ ದೇಹ ಚೆನ್ನಾಗಿ ಉಳಿದಿತ್ತು. ಅವಳ ಶ್ವಾಸಕೋಶದ ತುಣುಕಿನಿಂದ ಮತ್ತು ಅಮೆರಿಕದ ಸೇನೆ ಕಾಪಿಟ್ಟಿದ್ದ ಹಳೆಯ ಮಾದರಿಗಳಿಂದ ಜೆಫ್ರಿ ಟೌಬೆನ್‌ಬರ್ಗರ್ ತಂಡ ಆ ವೈರಸ್‌ನ ಪೂರ್ತಿ ಬರಹವನ್ನು ಓದಿತು. 2005ರಲ್ಲಿ ಟೆರೆನ್ಸ್ ಟಂಪಿ ಮತ್ತು ಸಂಗಡಿಗರು ಬಿಗಿ ಭದ್ರತೆಯ ಪ್ರಯೋಗಾಲಯದಲ್ಲಿ ಅದನ್ನು ಮರುಸೃಷ್ಟಿಸಿದರು.

ಎರಡು ವರ್ಷದ ನಂತರ ಅದೇ ವೈರಸ್‌ನ ಕೊಕ್ಕೆಯಲ್ಲಿ ಎರಡೇ ಎರಡು ಕಡೆ ಬದಲಾವಣೆ ಮಾಡಿ ಫೆರೆಟ್ ಎಂಬ ಮುಂಗುಸಿಯಂಥ ಪ್ರಾಣಿಗಳಿಗೆ ಕೊಟ್ಟರು. ಫ್ಲೂ ವಿಷಯದಲ್ಲಿ ಫೆರೆಟ್ ನಮ್ಮ ಹಾಗೆಯೇ ಸೀನುತ್ತದೆ, ಕೆಮ್ಮುತ್ತದೆ. ವೈರಸ್ ಹೊಕ್ಕ ಫೆರೆಟ್‌ಗಳು ಮೊದಲಿನಷ್ಟೇ ಜೋರಾಗಿ ಕಾಯಿಲೆ ಬಿದ್ದವು. ಆದರೆ ಪಕ್ಕದ ಗೂಡಿನ ಫೆರೆಟ್‌ಗೆ ಕಾಯಿಲೆ ಹರಡಲಿಲ್ಲ. ಕಾಡುವ ಶಕ್ತಿ ಹಾಗೇ ಉಳಿಯಿತು, ಹರಡುವ ಶಕ್ತಿ ಹೋಯಿತು.

ಇದಕ್ಕೆ ಕಾರಣ ಕೊಕ್ಕೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎನ್ನುವುದು. ನಮ್ಮ ಮೂಗು ಗಂಟಲಿನ ಜೀವಕೋಶಗಳ ಮೇಲೆ ಒಂದು ಬಗೆಯ ಸಕ್ಕರೆ ಕಣಗಳ ಸರಪಳಿ ಇದೆ, ಶ್ವಾಸಕೋಶದ ಆಳದಲ್ಲಿ ಇನ್ನೊಂದು ಬಗೆಯದು ಇದೆ. ಮೂಗು ಗಂಟಲನ್ನು ಹಿಡಿಯುವ ವೈರಸ್ ಒಂದು ಸೀನಿಗೆ ಹೊರಬರುತ್ತದೆ, ಬೇಗ ಹರಡುತ್ತದೆ. ಆಳಕ್ಕಿಳಿದು ಹಿಡಿಯುವ ವೈರಸ್ ನ್ಯುಮೋನಿಯಾ ತರುತ್ತದೆ, ಆದರೆ ಅಷ್ಟು ಸುಲಭವಾಗಿ ಹೊರಬರುವುದಿಲ್ಲ. ಹಕ್ಕಿಜ್ವರದ ಎಚ್5ಎನ್1 ಹೀಗೆ ಆಳವನ್ನು ಹಿಡಿಯುವ ಜಾತಿ. ಸಾಮಾನ್ಯ ಫ್ಲೂ ವೈರಸ್ ಬೆಳೆಯಬೇಕಾದರೆ ಅದರ ಕೊಕ್ಕೆಯನ್ನು ಉಸಿರಾಟದ ದಾರಿಯಲ್ಲಿರುವ ಕಿಣ್ವವೊಂದು ಕತ್ತರಿಸಿ ಸಿದ್ಧಮಾಡಬೇಕು. ಎಚ್5ಎನ್1ನಲ್ಲಿ ಆದ ರೂಪಾಂತರದಿಂದ ದೇಹದ ಎಲ್ಲ ಅಂಗಗಳಲ್ಲಿರುವ ಕಿಣ್ವವೂ ಆ ಕೆಲಸ ಮಾಡಬಲ್ಲದು. ಹಾಗಾಗಿ ಅದು ಕೋಳಿಯ ಮೈಯಿಡೀ ಹಬ್ಬಿ ಇಡೀ ಫಾರಂ ಸಾಯಿಸುತ್ತದೆ. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಅದು 18 ಜನರಿಗೆ ತಗುಲಿತು, 6 ಜನ ಸತ್ತರು. ಆದರೆ ಇಲ್ಲಿಯವರೆಗೆ ಅದು ಮನುಷ್ಯರಿಂದ ಮನುಷ್ಯರಿಗೆ ಸರಾಗವಾಗಿ ಹರಡಲು ಕಲಿತಿಲ್ಲ. ಹಾಗೆ ಕಲಿಯದಿರಲಿ ಎಂದೇ ಜಗತ್ತು ಅದರ ಮೇಲೆ ಕಣ್ಣಿಟ್ಟಿದೆ. 2024ರಿಂದ ಅಮೆರಿಕದ ಹಸುಗಳಲ್ಲೂ ಅದು ಕಾಣಿಸಿಕೊಂಡಿದೆ, ಕಾಯಿಸದ ಹಾಲಿನಲ್ಲೂ ಸಿಕ್ಕಿದೆ. ಹಾಲು ಕಾಯಿಸಿಯೇ ಕುಡಿಯುವ ನಮ್ಮ ಅಭ್ಯಾಸವನ್ನು "ಆರ್ಗ್ಯಾನಿಕ್ ಹಸಿ ಹಾಲು" ಎಂಬ ಜಾಹೀರಾತು ನೋಡಿ ಬಿಡಬೇಡಿ.

2009ರ ಹಂದಿಜ್ವರದಲ್ಲೂ ಇಂಥದೇ ಒಂದು ಪಾಠ ಸಿಕ್ಕಿತು. ನಾರ್ವೆಯಲ್ಲಿ ತೀವ್ರ ಕಾಯಿಲೆಯ ಕೆಲವು ರೋಗಿಗಳ ವೈರಸ್‌ನಲ್ಲಿ, ಕೊಕ್ಕೆಯ 222ನೇ ಸ್ಥಾನದಲ್ಲಿ ಒಂದು ಬದಲಾವಣೆ ಕಂಡಿತು. ಅಲ್ಲಿ ಪರೀಕ್ಷಿಸಿದ ಸಾಮಾನ್ಯ ಜ್ವರದವರಲ್ಲಿ ಅದು ಇರಲಿಲ್ಲ. ಆ ಬದಲಾವಣೆ ಆಳದ ಜೀವಕೋಶಗಳನ್ನು ಹಿಡಿಯಲು ನೆರವಾಗುತ್ತದೆ. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆದರೆ ಆ ರೂಪ ಊರಿಂದೂರಿಗೆ ಹಬ್ಬಲಿಲ್ಲ.

ಇದರ ಉಲ್ಟಾ ಉದಾಹರಣೆಯೂ ಇದೆ. ಫ್ಲೂಗೆ ಕೊಡುವ ಒಸೆಲ್ಟಾಮಿವಿರ್ ಎಂಬ ಮಾತ್ರೆ ವೈರಸ್‌ನ ಕತ್ತರಿಯನ್ನು ಹಿಡಿದು ನಿಲ್ಲಿಸುತ್ತದೆ. 2008ರ ಹೊತ್ತಿಗೆ ಆಗಿನ ಸಾಮಾನ್ಯ ಎಚ್1ಎನ್1 ವೈರಸ್‌ನ ಕತ್ತರಿಯಲ್ಲಿ, 275ನೇ ಸ್ಥಾನದಲ್ಲಿ ಬದಲಾವಣೆಯಾಗಿ ಮಾತ್ರೆ ಅದಕ್ಕೆ ತಾಗದಂತಾಯಿತು. ಒಂದು ವರ್ಷದೊಳಗೆ ಅದು ಜಗತ್ತಿನ ಬಹುಭಾಗಕ್ಕೆ ಹರಡಿತು. ಕಾಯಿಲೆಯ ತೀವ್ರತೆ ಮಾತ್ರ ಹೆಚ್ಚಲಿಲ್ಲ. ಆಮೇಲೆ ಹಂದಿಜ್ವರದ ಹೊಸ ವೈರಸ್ ಬಂದು ಆ ಹಳೆಯ ವೈರಸ್ಸನ್ನೇ ಮೂಲೆಗೆ ತಳ್ಳಿತು. ಹೊಸದಕ್ಕೆ ಮಾತ್ರೆ ಕೆಲಸ ಮಾಡಿತು.

ಆದ್ದರಿಂದ ಟಿವಿಯಲ್ಲಿ "ಹೊಸ ರೂಪಾಂತರಿ" ಎಂದು ಕೇಳಿದರೆ ಗಾಬರಿ ಬೀಳುವ ಮೊದಲು ಕೇಳಿಕೊಳ್ಳಿ: ಬದಲಾದದ್ದು ಏನು? ಹರಡುವಿಕೆಯೇ, ತೀವ್ರತೆಯೇ, ಔಷಧಕ್ಕೆ ಬಗ್ಗದ ಗುಣವೇ, ಅಥವಾ ನಮ್ಮ ಹಳೆಯ ಪ್ರತಿಕಾಯದಿಂದ ತಪ್ಪಿಸಿಕೊಳ್ಳುವ ಗುಣವೇ? ವಾಟ್ಸಪ್ ಸಂದೇಶದಲ್ಲಿ ಇದಕ್ಕೆ ಉತ್ತರ ಇರದಿದ್ದರೆ ಅದನ್ನು ಮುಂದೆ ಕಳಿಸಬೇಡಿ.

ಹಾಗೆಂದು ಹರಡುವ ವೈರಸ್ಸನ್ನು ಹಗುರವಾಗಿ ನೋಡುವ ಹಾಗಿಲ್ಲ. ಸಾವಿರದಲ್ಲಿ ಒಬ್ಬರನ್ನು ಮಾತ್ರ ಕೊಲ್ಲುವ ವೈರಸ್ ಒಂದು ಕೋಟಿ ಜನರಿಗೆ ತಗುಲಿದರೆ ಹತ್ತು ಸಾವಿರ ಸಾವು. ಲೆಕ್ಕ ಸರಳ. ವೈರಸ್ ಸೌಮ್ಯವಾಗಿದ್ದರೂ ಹರಡುವಿಕೆ ಹೆಚ್ಚಿದರೆ ಆಸ್ಪತ್ರೆಗಳು ತುಂಬುತ್ತವೆ.

ಈಗ ಮೂರನೇ ಪ್ರಶ್ನೆ: ಯಾರನ್ನು ಹೆಚ್ಚು ಕಾಡುತ್ತದೆ?

1918ರ ಜೂನ್‌ನಲ್ಲಿ ಮುಂಬಯಿಯಲ್ಲಿ ಪೊಲೀಸ್ ಸಿಪಾಯಿಗಳು ಜ್ವರ ಬಂದು ಆಸ್ಪತ್ರೆ ಸೇರಿದರು. ಬಂದರಿನ ಕಡೆಯಿಂದ ಜ್ವರ ಊರಿಗೆ ಕಾಲಿಟ್ಟಿತ್ತು. ಮೊದಲ ಅಲೆ ಹೆಚ್ಚು ಕಾಡದೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಎರಡನೇ ಅಲೆ ಬಂತು. ಅಕ್ಟೋಬರ್ 6ರಂದು, ಒಂದೇ ದಿನ, ಮುಂಬಯಿ ನಗರದಲ್ಲಿ 768 ಸಾವು ದಾಖಲಾದವು. ಇಡೀ ದೇಶದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು ಎಂಬ ಅಂದಾಜಿದೆ.

ವೈರಸ್ ಎಲ್ಲರಿಗೂ ಒಂದೇ. ಸಾವು ಒಂದೇ ಆಗಿರಲಿಲ್ಲ. ಆ ವರ್ಷದ ಮುಂಬಯಿಯ ಲೆಕ್ಕದಲ್ಲಿ ಯುರೋಪಿಯನ್ನರಲ್ಲಿ ಸಾವಿರಕ್ಕೆ ಸುಮಾರು 8 ಜನ ಸತ್ತರೆ, ಕೆಳಜಾತಿ ಎಂದು ಗುರುತಿಸಿದ ಬಡವರಲ್ಲಿ ಸಾವಿರಕ್ಕೆ 60ಕ್ಕಿಂತ ಹೆಚ್ಚು. ಆ ವರ್ಷ ಮಳೆ ಕೈಕೊಟ್ಟಿತ್ತು, ಧಾನ್ಯದ ಬೆಲೆ ಏರಿತ್ತು, ಜನ ಚಾಳುಗಳ ಒಂದೊಂದು ಕೋಣೆಯಲ್ಲಿ ಕಿಕ್ಕಿರಿದಿದ್ದರು. ಈ ವ್ಯತ್ಯಾಸ ವೈರಸ್‌ನ ಯಾವ ಅಕ್ಷರದಲ್ಲೂ ಬರೆದಿರಲಿಲ್ಲ.

ಇನ್ನೊಂದು ಸಂಗತಿ ನಮ್ಮ ವೇದಿಕೆ ಗಮನಿಸಬೇಕಾದದ್ದು. ಆ ಮಹಾಜ್ವರದಲ್ಲಿ ನಮ್ಮ ದೇಶದಲ್ಲಿ ಗಂಡಸರಿಗಿಂತ ಹೆಂಗಸರು ಹೆಚ್ಚಿನ ಪ್ರಮಾಣದಲ್ಲಿ ಸತ್ತರು, ಅದರಲ್ಲೂ ಹರೆಯದವರು. ಮನೆಯ ರೋಗಿಗಳ ಶುಶ್ರೂಷೆ ಅವರದು, ಊಟದಲ್ಲಿ ಕೊನೆಯ ಪಾಲು ಅವರದು, ಜ್ವರವಿದ್ದರೂ ಮಲಗುವ ಹಾಗಿರಲಿಲ್ಲ. ನೂರು ವರ್ಷ ಕಳೆದಿವೆ. ನಮ್ಮಲ್ಲಿ ಎಷ್ಟು ಜನ 101 ಡಿಗ್ರಿ ಜ್ವರದಲ್ಲೂ ಡೋಲೋ ನುಂಗಿ ಚಪಾತಿ ಲಟ್ಟಿಸಿದ್ದೇವೆ, ನೀವೇ ಯೋಚಿಸಿ.

2009ರಲ್ಲಿ ನಮ್ಮ ಪುಣೆಯಲ್ಲೇ ಹಂದಿಜ್ವರದ ದೇಶದ ಮೊದಲ ಸಾವು ಸಂಭವಿಸಿತು, ಆಗಸ್ಟ್ 3ರಂದು. ಸತ್ತದ್ದು ಶಾಲೆಗೆ ಹೋಗುವ ಹುಡುಗಿ. ಶಾಲೆಗಳಿಗೆ ಬೀಗ ಬಿತ್ತು, ನಾಯ್ಡು ಆಸ್ಪತ್ರೆಯ ಮುಂದೆ ಪರೀಕ್ಷೆಗೆ ಸಾಲು ನಿಂತಿತು. ಆ ಸಲ ವಿಚಿತ್ರವೆಂದರೆ ಅಜ್ಜ ಅಜ್ಜಿಯರಿಗೆ ಸೋಂಕು ಕಡಿಮೆ, ಹರೆಯದವರಿಗೆ ಹೆಚ್ಚು. 1957ಕ್ಕಿಂತ ಮೊದಲು ಹುಟ್ಟಿದವರು ಚಿಕ್ಕಂದಿನಲ್ಲಿ ಅದೇ ಬಳಗದ ಹಳೆಯ ವೈರಸ್ಸನ್ನು ಕಂಡಿದ್ದರು. ಅವರ ದೇಹ ಅದನ್ನು ಮರೆತಿರಲಿಲ್ಲ. ಗರ್ಭಿಣಿಯರಿಗಂತೂ ಬಹಳ ತೊಂದರೆಯಾಯಿತು. ಗರ್ಭಾವಸ್ಥೆಯಲ್ಲಿ ಶ್ವಾಸಕೋಶಕ್ಕೆ ಜಾಗ ಕಡಿಮೆ, ರೋಗನಿರೋಧಕ ಶಕ್ತಿಯ ನಡವಳಿಕೆಯೂ ಬೇರೆ.

2015ರಲ್ಲಿ ಎಚ್1ಎನ್1 ಮತ್ತೆ ದೇಶವನ್ನು ಕಾಡಿತು. ಆ ವರ್ಷ ಸುಮಾರು 3,000 ಜನ ಸತ್ತರು. ಅಮೆರಿಕದ ಎಂಐಟಿಯ ವಿಜ್ಞಾನಿಗಳು ಭಾರತದ ವೈರಸ್‌ನಲ್ಲಿ ಅಪಾಯಕಾರಿ ರೂಪಾಂತರವಿದೆ ಎಂದರು. ನಮ್ಮ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಅದನ್ನು ಒಪ್ಪಲಿಲ್ಲ, ಇಲ್ಲಿ ಹರಡಿದ್ದ ವೈರಸ್‌ಗಳಲ್ಲಿ ಅಂಥ ದೊಡ್ಡ ಬದಲಾವಣೆ ಕಂಡಿಲ್ಲ ಎಂದಿತು. ಒಂದು ಪ್ರಯೋಗಾಲಯ ಹೇಳಿದ್ದನ್ನು ಇನ್ನೊಂದು ಪ್ರಯೋಗಾಲಯ ಪರೀಕ್ಷಿಸುವುದು, ಅದೇ ವಿಜ್ಞಾನ ನಡೆಯುವ ರೀತಿ. ಸಾವು ಹೆಚ್ಚಿದರೆ ಕಾರಣ ವೈರಸ್ಸೇ ಎಂದು ತಟ್ಟನೆ ತೀರ್ಮಾನಿಸಬಾರದು. ರೋಗಿ ಆಸ್ಪತ್ರೆಗೆ ಎಷ್ಟನೇ ದಿನ ಬಂದರು ಎಂದೂ ಕೇಳಬೇಕು.

ಈ ಸಂಸ್ಥೆಗೂ ನಮ್ಮ ಕರ್ನಾಟಕಕ್ಕೂ ಹಳೆಯ ನಂಟಿದೆ. 1952ರಲ್ಲಿ ವೈರಸ್ ಸಂಶೋಧನಾ ಕೇಂದ್ರ ಎಂಬ ಹೆಸರಿನಲ್ಲಿ ಶುರುವಾಯಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮನುಷ್ಯರೂ ಸಾಯತೊಡಗಿದಾಗ ಆ ಹೊಸ ವೈರಸ್ಸನ್ನು ಗುರುತಿಸಿದ್ದು ಈ ಕೇಂದ್ರದವರೇ. ಇಂದು ನಾವು ಮಂಗನ ಕಾಯಿಲೆ ಎನ್ನುವುದು ಅದನ್ನೇ. ಅದೇ ಸಂಸ್ಥೆ ಈಗ ದೇಶದ ಫ್ಲೂ ವೈರಸ್‌ಗಳ ಅಕ್ಷರಗಳನ್ನೂ ಓದಿ ವಿಶ್ವ ಆರೋಗ್ಯ ಸಂಸ್ಥೆಯ ಜಾಲಕ್ಕೆ ತಿಳಿಸುತ್ತದೆ. ಆ ಜಾಲದ ಮಾಹಿತಿ ನೋಡಿ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಮುಂದಿನ ಲಸಿಕೆಯಲ್ಲಿ ಯಾವ ಯಾವ ವೈರಸ್ ಇರಬೇಕೆಂದು ನಿರ್ಧರಿಸುತ್ತಾರೆ. ನಿರ್ಧಾರಕ್ಕೂ ಲಸಿಕೆ ಕೈಸೇರುವುದಕ್ಕೂ ನಡುವೆ ಆರು ತಿಂಗಳು. ಅಷ್ಟರಲ್ಲಿ ವೈರಸ್ ಮತ್ತೆ ಬದಲಾದರೆ ಲಸಿಕೆ ಪೂರ್ತಿ ಹೊಂದುವುದಿಲ್ಲ. 2014-15ರಲ್ಲಿ ಎಚ್3ಎನ್2 ಹಾಗೆ ಬದಲಾಗಿ ಅಮೆರಿಕದಲ್ಲಿ ಲಸಿಕೆಯ ಪರಿಣಾಮ ಶೇ. 19ಕ್ಕೆ ಇಳಿದಿತ್ತು. ಇದನ್ನು ಮುಚ್ಚಿಡಬೇಕಾಗಿಲ್ಲ. ಸಾಮಾನ್ಯ ವರ್ಷಗಳಲ್ಲಿ ಅದು ಇದಕ್ಕಿಂತ ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಲಸಿಕೆ ಹಾಕಿಸಿಕೊಂಡೂ ಜ್ವರ ಬಂದವರಲ್ಲಿ ಐಸಿಯು ತಲುಪುವ ಅಪಾಯ ಕಡಿಮೆ.

ನಾವು ಮಾಡುವ ಕೆಲಸವೂ ವೈರಸ್‌ನ ಹಣೆಬರಹ ಬದಲಿಸಬಲ್ಲದು. ಫ್ಲೂ ಬಿ ಬಳಗದಲ್ಲಿ ಯಮಗಾಟ ಎಂಬ ಒಂದು ಕುಲವಿತ್ತು. ಕೊರೋನಾ ಕಾಲದಲ್ಲಿ ಎಲ್ಲರೂ ಮಾಸ್ಕ್ ಹಾಕಿ ಮನೆಯಲ್ಲಿ ಕುಳಿತರು. 2020ರ ಮಾರ್ಚ್ ನಂತರ ಆ ಕುಲದ ವೈರಸ್ ಹರಡುತ್ತಿರುವುದು ಜಗತ್ತಿನ ಎಲ್ಲೂ ಖಚಿತವಾಗಿಲ್ಲ. ಲಸಿಕೆಯಿಂದಲೂ ಅದನ್ನು ಕೈಬಿಡುವಂತೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಹರಡಲು ಮನುಷ್ಯರೇ ಸಿಗದಿದ್ದರೆ ರೂಪಾಂತರ ಹೊಂದಲು ವೈರಸ್‌ಗೆ ಅವಕಾಶವೇ ಇಲ್ಲ.

ಕೊನೆಗೆ ಮನೆಗೆ ಒಯ್ಯಬೇಕಾದ ನಾಲ್ಕು ಮಾತು.

ಒಂದು, ಲಸಿಕೆ ವರ್ಷಕ್ಕೊಮ್ಮೆ. ಮುಂಬಯಿ ಪುಣೆಯಲ್ಲಿ ಮಳೆಗಾಲದಲ್ಲಿ ಫ್ಲೂ ಹೆಚ್ಚುತ್ತದೆ, ಹಾಗಾಗಿ ಮಳೆ ಶುರುವಾಗುವ ಮೊದಲೇ ಹಾಕಿಸಿಕೊಂಡರೆ ಒಳ್ಳೆಯದು. ಶಕ್ತಿ ಬರಲು ಎರಡು ವಾರ ಬೇಕು. ಹಿರಿಯರು, ಸಕ್ಕರೆ ಕಾಯಿಲೆ, ಆಸ್ತಮಾ, ಹೃದ್ರೋಗ ಇರುವವರು ಮೊದಲ ಸಾಲಿನಲ್ಲಿರಲಿ. ಮಗಳೋ ಸೊಸೆಯೋ ಗರ್ಭಿಣಿಯಾಗಿದ್ದರೆ ವೈದ್ಯರನ್ನು ಕೇಳಿ ಹಾಕಿಸಿ. ಆರು ತಿಂಗಳೊಳಗಿನ ಮಗುವಿಗೆ ಈ ಲಸಿಕೆ ಇಲ್ಲ, ತಾಯಿಯ ಪ್ರತಿಕಾಯವೇ ಅದಕ್ಕೆ ರಕ್ಷಣೆ.

ಎರಡು, ಕಾಯಬೇಡಿ. ಫ್ಲೂ ಮಾತ್ರೆ ಮೊದಲ 48 ಗಂಟೆಯೊಳಗೆ ಶುರುವಾದರೆ ಹೆಚ್ಚು ಫಲ. ಅಪಾಯದ ಗುಂಪಿನವರಿಗೆ ಜೋರು ಜ್ವರ, ಮೈಕೈ ನೋವು, ಕೆಮ್ಮು ಬಂದರೆ ಅಂದೇ ವೈದ್ಯರಿಗೆ ತೋರಿಸಿ. ಉಸಿರು ಕಟ್ಟುವುದು, ಎದೆನೋವು, ತುಟಿ ನೀಲಿಯಾಗುವುದು, ಮಾತು ತಡವರಿಸುವುದು, ಮಗು ನೀರೂ ಕುಡಿಯದೆ ಮಂಕಾಗುವುದು, ಇವು ಆಸ್ಪತ್ರೆಗೆ ಓಡಬೇಕಾದ ಲಕ್ಷಣ. ಇಳಿದ ಜ್ವರ ಎರಡು ದಿನ ಬಿಟ್ಟು ಮತ್ತೆ ಏರಿದರೆ ಬ್ಯಾಕ್ಟೀರಿಯಾದ ನ್ಯುಮೋನಿಯಾ ಇರಬಹುದು. 1918ರಲ್ಲಿ ಬಹಳ ಜನರನ್ನು ಕೊಂದದ್ದು ಈ ಎರಡನೇ ಪೆಟ್ಟು.

ಮೂರು, ಆಂಟಿಬಯಾಟಿಕ್ ವೈರಸ್‌ಗೆ ಔಷಧಿಯಲ್ಲ. ಹೋದ ವರ್ಷದ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತರಬೇಡಿ. ಮಕ್ಕಳ ಜ್ವರಕ್ಕೆ ಆಸ್ಪಿರಿನ್ ಕೊಡಬೇಡಿ. ಶುಂಠಿ ಕಷಾಯ, ಮೆಣಸಿನ ಸಾರು ಧಾರಾಳವಾಗಿ ಕುಡಿಯಿರಿ, ಗಂಟಲಿಗೆ ಹಿತ. ಅದನ್ನು ಕುಡಿಯುತ್ತಾ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಬೇಡಿ, ಅಷ್ಟೇ.

ನಾಲ್ಕು, ಜ್ವರ ಬಂದವರಿಗೆ ಮಲಗುವ ಹಕ್ಕಿದೆ. ನಿಮಗೂ ಇದೆ. ನಿಮ್ಮ ಮನೆಗೆಲಸಕ್ಕೆ ಬರುವವಳಿಗೂ ಇದೆ. ಅವಳಿಗೆ ಜ್ವರ ಬಂದರೆ ಸಂಬಳ ಹಿಡಿಯದೆ ನಾಲ್ಕು ದಿನ ರಜೆ ಕೊಡಿ. ಸಂಬಳ ಹೋಗುತ್ತದೆ ಎಂಬ ಭಯಕ್ಕೆ ಅವಳು ಕೆಮ್ಮುತ್ತಲೇ ಐದು ಮನೆ ಸುತ್ತಿದರೆ ವೈರಸ್ ಹರಡಲು ಯಾವ ರೂಪಾಂತರವೂ ಬೇಕಾಗುವುದಿಲ್ಲ.

ವೈರಸ್ ತನ್ನ ಅಕ್ಷರಗಳನ್ನು ಬದಲಿಸುತ್ತಲೇ ಇರುತ್ತದೆ, ಅದನ್ನು ತಡೆಯಲು ನಮ್ಮಿಂದಾಗದು. ಯಾರಿಗೆ ಬೇಗ ಆರೈಕೆ ಸಿಗುತ್ತದೆ, ಯಾರು ಜ್ವರದಲ್ಲೂ ನಿಂತೇ ದುಡಿಯುತ್ತಾರೆ, ಅದನ್ನು ಬದಲಿಸುವುದು ನಮ್ಮ ಕೈಯಲ್ಲಿದೆ.  ನಿಮ್ಮ ಪ್ರಶ್ನೆಗಳಿಗೆ ಈಗ ಸಮಯವಿದೆ, ಸಂಕೋಚವಿಲ್ಲದೆ ಕೇಳಿ.